ಕಿರಕೋಳ

ನಮ್ಮ ಅಡಿಗೆಮನೆಯ ಮಾಡದಲ್ಲಿ ಒಂದು ಹಳೆಯ ಬಿಸ್ಕೀಟಿನ ಡಬ್ಬಿಯಿದೆ. ಅದರೊಳಗೆ ಏನಿದೆ ಎಂದು ಯಾರಾದರೂ ಕೇಳಿದರೆ ಒಂದು ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಕುಕ್ಕರಿನ ಹಳೆಯ ಸೀಟಿ, ಯಾವ ಕೀಲಿಗೂ ಹತ್ತದ ಒಂದು ಕೀಲಿಕೈ, ಸ್ಟೋವಿನ ಪಿನ್ನು, ನಾಲ್ಕಾರು ಗುಂಡಿ, ಮಿಕ್ಸರಿನಿಂದ ಬಿಚ್ಚಿ ಬಂದ ಒಂದು ರಬ್ಬರಿನ ಬಳೆ. ಸ್ಟೋವು ಮನೆಯಿಂದ ಹೋಗಿ ಇಪ್ಪತ್ತು ವರ್ಷವಾಯಿತು, ಪಿನ್ನು ಮಾತ್ರ ಉಳಿದಿದೆ. ಇಂಥ ಡಬ್ಬಿ ನಿಮ್ಮ ಮನೆಯಲ್ಲೂ ಇರಬೇಕು. ಇಲ್ಲವೆಂದರೆ ನೀವು ನನಗಿಂತ ಜಾಣೆಯರು.

ಹೋದ ದೀಪಾವಳಿಗೆ ಮಗ ಬೆಂಗಳೂರಿನಿಂದ ಬಂದಿದ್ದ. ನಲ್ಲಿ ಸೋರುತ್ತಿತ್ತು. "ಆ ಡಬ್ಬ್ಯಾಗ ಅದು ಐತಿ ನೋಡು, ಅದನ್ನ ತಗೊಂಡು ಇದಕ್ಕ ಹಾಕು" ಎಂದೆ. ಅವನು ನಕ್ಕ. "ಅವ್ವಾ, ಅದು ಅಂದ್ರ ಯಾವುದು, ಇದು ಅಂದ್ರ ಯಾವುದು? ಇದಕ್ಕ ಇಂಗ್ಲಿಷಿನ್ಯಾಗ ಥಿಂಗಮಜಿಗ್ ಅಂತಾರ" ಎಂದ. ಅದೆಂಥ ಹೆಸರಪ್ಪಾ ಎಂದು ಕೇಳಿದರೆ, ಹೆಸರು ಗೊತ್ತಿಲ್ಲದ ವಸ್ತುವಿಗೆ ಇಟ್ಟ ಹೆಸರಂತೆ. ಒಂದಲ್ಲ, ಇಂಥವು ಇಂಗ್ಲಿಷಿನಲ್ಲಿ ಹಿಂಡುಗಟ್ಟಲೆ ಇವೆ. ಥಿಂಗಂಬಾಬ್ ಎಂಬುದು ಹದಿನೆಂಟನೆಯ ಶತಮಾನದಿಂದಲೂ ಇದೆ. ನಾವೀಗ ದಿನಕ್ಕೆ ಹತ್ತು ಸಲ ಅನ್ನುವ 'ಗ್ಯಾಜೆಟ್' ಹತ್ತೊಂಬತ್ತನೆಯ ಶತಮಾನದ ಹಡಗಿನವರ ಬಾಯಿಂದ ಬಂದದ್ದು. ಹಡಗಿನಲ್ಲಿ ನೂರೆಂಟು ಸಣ್ಣ ಸಲಕರಣೆ. ಎಲ್ಲದರ ಹೆಸರು ಯಾರು ನೆನಪಿಟ್ಟಾರು? ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೇರಿಕದ ನೌಕಾಸೈನಿಕರು 'ಗಿಜ್ಮೊ' ಎಂದರು. ಒಟ್ಟಿನಲ್ಲಿ ಹಡಗು, ಕಾರಖಾನೆ, ದಂಡು ಇಂಥ ಗಂಡಸರ ಜಾಗೆಗಳಲ್ಲಿ ಕೈಗೆ ಸಿಕ್ಕ, ಹೆಸರು ಸಿಗದ ವಸ್ತುಗಳಿಗೆ ಅವರು ಕೊಟ್ಟ ಮುದ್ದಿನ ಹೆಸರುಗಳಿವು.

ಮಗ ನಲ್ಲಿ ರಿಪೇರಿ ಮಾಡಿ ಹೋದ. ನನಗೆ ಮಾತ್ರ ಆ ವಿಷಯ ತಲೆಯಿಂದ ಹೋಗಲಿಲ್ಲ. ನಮ್ಮ ಕಡೆ ಇದಕ್ಕೆ ಮಾತಿಲ್ಲವೆ? ಕೂತು ಎಣಿಸುತ್ತ ಹೋದರೆ ಬೆರಳು ಸಾಲಲಿಲ್ಲ.

ಮೊದಲನೆಯದು ನಮ್ಮ 'ಗಿ'. ಚಹಾ-ಗಿಹಾ, ಪುಸ್ತಕ-ಗಿಸ್ತಕ, ಮದುವಿ-ಗಿದುವಿ. ಒಂದು ಶಬ್ದದ ತಲೆ ತೆಗೆದು 'ಗಿ' ಎಂಬ ರುಮಾಲು ಸುತ್ತಿದರೆ ಸಾಕು, ಆ ಜಾತಿಯ ಹೆಸರಿಲ್ಲದ್ದೆಲ್ಲ ಒಳಗೆ ಬಂತು. ಬಂದವರಿಗೆ "ಚಹಾ-ಗಿಹಾ ಕುಡೀರಿ" ಎಂದರೆ ಅದರಲ್ಲಿ ಅವಲಕ್ಕಿಯೂ ಇದೆ, ಚುರುಮುರಿಯೂ ಇದೆ. ಏನೂ ಇಲ್ಲದಿದ್ದರೆ ಬರೀ ಚಹಾವೂ ಆದೀತು. ಮನೆಯೊಡತಿಯ ಮಾನ ಕಾಯುವ ಅಕ್ಷರವದು. ಇದು ಅಪ್ಪಟ ನಮ್ಮದು.

ಮಿಕ್ಕವು ಬೇರೆ ಬೇರೆ ದಾರಿಯಿಂದ ನಡೆದು ಬಂದಂಥವು. 'ವಗೈರೆ' ಅರಬ್ಬಿಯಿಂದ ಬಂದದ್ದು, 'ಮತ್ತು ಇತರ' ಎಂದು ಅದರ ಅರ್ಥ. 'ಫಲಾನಾ' ಎಂಬುದೂ ಅರಬ್ಬಿ. 'ಸಾಮಾನು' ಪಾರಸಿ. ನಮ್ಮ 'ಜೀನಸು' ಇವೆಲ್ಲಕ್ಕಿಂತ ದೂರದ ಪ್ರವಾಸಿ. ಗ್ರೀಕರ ಒಂದು ಶಬ್ದ ಅರಬ್ಬಿಗೆ ಹೋಗಿ 'ಜಿನ್ಸ್' ಆಗಿ, ಪಾರಸಿ, ಮರಾಠಿ ದಾಟಿ ನಮ್ಮೂರ ಸಂತೆಗೆ ಬಂದು, ಕಡೆಗೆ ಆಯಿಯ ಬಾಯಲ್ಲಿ "ಜೀನಸೆಲ್ಲಾ ತಂದಿಯೇನ?" ಎಂದಾಗಿ ಕೂತಿದೆ. ಆಯಿ ನರೇಗಲ್ಲಿನಿಂದ ಪೂರ್ವಕ್ಕೆ ಗಜೇಂದ್ರಗಡ, ಪಶ್ಚಿಮಕ್ಕೆ ಗದಗ, ಇದರಾಚೆ ಕಂಡವಳಲ್ಲ.

ಇದರ ಜೊತೆಗೆ ಹೆಂಗಸರಾದ ನಾವು ಬೇಕೆಂದೇ ಹೆಸರು ಹೇಳದ ಸಾಮಾನುಗಳ ಒಂದು ದೊಡ್ಡ ಗಂಟು ಇದೆ. ದೀಪ ಹಚ್ಚಿದ ಮೇಲೆ ಉಪ್ಪು ಅನ್ನಬಾರದು, 'ರುಚಿ' ಅನ್ನಬೇಕು. ಹಾವು ಅನ್ನಬಾರದು, 'ಹುಳ' ಅನ್ನಬೇಕು. ಬಳೆ ಒಡೆಯುವುದಿಲ್ಲ, 'ಹೆಚ್ಚುತ್ತದೆ'. ದೀಪ ಆರಿಸುವುದಿಲ್ಲ, 'ದೊಡ್ಡದು ಮಾಡುತ್ತೇವೆ'. ಗಂಡನ ಹೆಸರಂತೂ ಕೇಳಲೇಬೇಡಿ. ಅದು ಮದುವೆ, ಸೀಮಂತಗಳಲ್ಲಿ ಒಡಪಿನ ಕೊನೆಗೆ ಒಂದು ಸಲ ನಾಚಿಕೊಂಡು ಹೊರಬಂದರೆ ಉಂಟು, ಮಿಕ್ಕ ದಿನ "ಇವರು", "ನಮ್ಮ ಮನಿಯವರು". ಆಯಿ ಅಜ್ಜನನ್ನು ಕರೆಯುತ್ತಿದ್ದದ್ದು "ಕೇಳಿದ್ರ್ಯಾ ಇಲ್ಲೆ" ಎಂದು. ಆದರೆ ಇದು ಹೆಸರು ಗೊತ್ತಿಲ್ಲದ್ದಕ್ಕೆ ಹುಟ್ಟಿದ ಮಾತಲ್ಲ. ಹೆಸರಿಗೆ ತೂಕ ಹೆಚ್ಚೆಂದು ತಿಳಿದವರು ಮಾಡಿಕೊಂಡ ಏರ್ಪಾಡು. ಹಡಗಿನವರ ಗ್ಯಾಜೆಟ್ಟಿಗೂ ಇದಕ್ಕೂ ಬಹಳ ಅಂತರ.

ಇಷ್ಟೆಲ್ಲ ಶಬ್ದಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ. ಅದು 'ಕಿರಕೋಳ'. ಮೈಸೂರು ಕಡೆಯ ಗೆಳತಿಯರಿಗೆ ಇದು ಹೊಸದಿರಬಹುದು. ಅವರು 'ಚಿಲ್ಲರೆ' ಅನ್ನುವಲ್ಲಿ, 'ಸಣ್ಣಪುಟ್ಟ' ಅನ್ನುವಲ್ಲಿ ನಾವು ಕಿರಕೋಳ ಎನ್ನುತ್ತೇವೆ. ಕಿರಕೋಳ ಸಾಮಾನು, ಕಿರಕೋಳ ಖರ್ಚು, ಕಿರಕೋಳ ಜಗಳ.

ನಾನು ಆಯಿಯ ಮನೆಯಲ್ಲಿದ್ದು ನರೇಗಲ್ಲಿನಲ್ಲಿ ಶಾಲೆ ಕಲಿತವಳು. ಊರು ಆಗ ಧಾರವಾಡ ಜಿಲ್ಲೆಯಲ್ಲಿತ್ತು, 1997ರಲ್ಲಿ ಗದಗ ಜಿಲ್ಲೆಯಾಯಿತು. ಅಜ್ಜನಿಗೆ ನಾಲ್ಕು ಕೂರಿಗೆ ಎರೆಹೊಲ, ಬಜಾರದಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಅಜ್ಜ 1983ರಲ್ಲಿ ತೀರಿಕೊಂಡ. ಮರುವರ್ಷ ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಟ್ರಂಕು ಇಳಿಸಿದಾಗ ಅವನ ಲೆಕ್ಕದ ವಹಿಗಳು ಸಿಕ್ಕವು. ಕೆಂಪು ಅರಿವೆಯ ರಟ್ಟು, ಮೊಣಕೈಯುದ್ದದ ಹಾಳೆ, ಪ್ರತಿ ಹಾಳೆಯ ತಲೆಗೆ 'ಶ್ರೀ'. ದಿನದ ಲೆಕ್ಕ ಕಿರ್ದಿಯಲ್ಲಿ, ಅದನ್ನು ವಿಂಗಡಿಸಿ ಬರೆದದ್ದು ಖತಾವಣಿಯಲ್ಲಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಖಾಲಿ ಕೂತಿದ್ದೆ. ಓದತೊಡಗಿದೆ.

ಖತಾವಣಿಯಲ್ಲಿ ಎಲ್ಲಕ್ಕೂ ಒಂದೊಂದು ಖಾತೆ. ಹತ್ತಿಯದು, ಜೋಳದ್ದು, ಆಳಿನ ಪಗಾರದ್ದು, ಮಠಕ್ಕೆ ಕೊಟ್ಟದ್ದು. ಎತ್ತಿಗೂ ಒಂದು ಖಾತೆ ಇತ್ತು. ಹಗ್ಗ, ಮೂಗದಾಣ, ಲಾಳ, ಹಿಂಡಿ, ಎಲ್ಲ ಬಿಡಿಬಿಡಿಯಾಗಿ ಬರೆದಿತ್ತು. ಆಯಿಯ ಖಾತೆ ಎಲ್ಲಿ ಎಂದು ಹುಡುಕಿದೆ. ಇರಲಿಲ್ಲ. ಕೊನೆಯ ಹಾಳೆಗಳಲ್ಲಿ 'ಕಿರಕೋಳ' ಎಂಬ ಖಾತೆಯಿತ್ತು. ಕಿರ್ದಿಯ ತಾರೀಖು ಹಿಡಿದು ತಾಳೆ ನೋಡಿದಾಗ ತಿಳಿಯಿತು: ಬಳೆ ಬಾಬತ್ತು, ಖಣ ಬಾಬತ್ತು, ಬಾಣಂತಿ ಖಾರದ ಬಾಬತ್ತು, ಸೂಲಗಿತ್ತಿಗೆ ಕೊಟ್ಟ ಕುಪ್ಪಸ, ಕೂಸಿನ ಔಷಧಿ, ತವರಿಗೆ ಹೋದ ಬಸ್ ಚಾರ್ಜು, ಎಲ್ಲ ಅಲ್ಲಿ ಹೋಗಿ ಕಿರಕೋಳವಾಗಿತ್ತು. ಅದೂ ಖತಾವಣಿಯಲ್ಲಿ ಬಾಬತ್ತು ಇಲ್ಲ, ಬರಿಯ ಅಂಕಿ. ಆಯಿ ಬೀಸಿದ್ದು, ಕುಟ್ಟಿದ್ದು, ಅಂಗಡಿಯ ಕಾಳು ಹಸನು ಮಾಡಿದ್ದು ಯಾವ ಖಾತೆಯಲ್ಲೂ ಇರಲಿಲ್ಲ. ರೊಕ್ಕ ಕೊಡದ ಕೆಲಸಕ್ಕೆ ಖಾತೆ ಎಲ್ಲಿಂದ ಬರಬೇಕು?

ಅಜ್ಜನನ್ನು ದೂರಲಿಕ್ಕೆ ಇದನ್ನು ಬರೆಯುತ್ತಿಲ್ಲ. ಅವನು ಕೆಟ್ಟವನಲ್ಲ. ಲೆಕ್ಕ ಬರೆಯುವ ರೀತಿಯೇ ಹಾಗಿತ್ತು, ಅವನ ಅಪ್ಪ ಕಲಿಸಿದ್ದು. ಈ ದೇಶದ ಹೆಂಗಸರ ಮನೆಗೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಸರಕಾರ ದೇಶದ ತುಂಬ ಎಣಿಸಿ ನೋಡಿದ್ದೇ 2019ರಲ್ಲಿ. ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾಳೆ, ಮಾಡುವ ಗಂಡಸು 97 ನಿಮಿಷ ಎಂದು ಬಂತು. ಸರಕಾರಕ್ಕೇ ಅಷ್ಟು ವರ್ಷ ಹಿಡಿದಿರುವಾಗ ನರೇಗಲ್ಲಿನ ಕಿರಾಣಿ ಅಂಗಡಿಯವನಿಗೆ ಏನನ್ನುವುದು.

ಆದರೆ ಆ ಶಬ್ದ ಮಾತ್ರ ನನ್ನನ್ನು ಬಿಡಲಿಲ್ಲ. ಕಿರಕೋಳ ಮರಾಠಿ ಶಬ್ದವೆಂದೇ ಬಹಳ ದಿನ ತಿಳಿದಿದ್ದೆ. ತಿಳಿಯುವುದಕ್ಕೆ ಕಾರಣವಿತ್ತು. ನಮ್ಮ ಸೀಮೆ 1818ರವರೆಗೆ ಪೇಶ್ವೆಯರ ಕೈಯಲ್ಲಿತ್ತು, ಆ ಮೇಲೆ ಇಂಗ್ಲಿಷರ ಮುಂಬಯಿ ಇಲಾಖೆಗೆ ಸೇರಿತು. ದೊರೆ ಬದಲಾದರೂ ದಫ್ತರದ ಭಾಷೆ ಬಹಳ ಕಾಲ ಮರಾಠಿಯೇ. ವಾಲ್ಟರ್ ಎಲಿಯಟ್ ಸಾಹೇಬರು, ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದು, ಮಕ್ಕಳ ಕೈಗೆ ಕನ್ನಡ ಪುಸ್ತಕ ಬಂದ ಮೇಲೂ ಕಿರ್ದಿ, ಖತಾವಣಿ, ಬಾಬತ್ತು, ಜಮಾ, ಖರ್ಚು ಇವು ಹೋಗಲಿಲ್ಲ. 1956ರಲ್ಲಿ ಕರ್ನಾಟಕ ಒಂದಾದ ಮೇಲೂ ಅಜ್ಜನ ವಹಿಯಲ್ಲಿ ಅವೇ ಇದ್ದವು.

ಮುಂದೆ ಗದಗಿನಲ್ಲಿ ಸಂಸಾರ ಹೂಡಿ, ಲೈಬ್ರರಿಯ ಶಬ್ದಕೋಶ ತಿರುವುವ ಚಟ ಹತ್ತಿದ ಮೇಲೆ ಬೇರೆ ಸಂಗತಿ ತಿಳಿಯಿತು. ಕಿರಕೋಳ ನಮ್ಮದೇ ಕೂಸು! ಹಳಗನ್ನಡದಲ್ಲಿ 'ಕಿಱು' ಎಂದರೆ ಸಣ್ಣದು. ಕಿರುಬೆರಳು, ಕಿರುನಗೆಗಳಲ್ಲಿ ಇರುವ ಅದೇ ಕಿರು. ಅದರಿಂದ 'ಕಿರುಕುಳ', ಅಂದರೆ ಸಣ್ಣಪುಟ್ಟದ್ದು, ಚಿಲ್ಲರೆಯದ್ದು. ಚಾಲುಕ್ಯರ ಕಾಲದ ಶಾಸನಗಳಲ್ಲಿ ದೊಡ್ಡ ಸುಂಕಕ್ಕೆ ಪೆರ್ಜುಂಕ ಎಂದು ಹೆಸರು. ಅದರ ಕೆಳಗಿನ ಸಣ್ಣಪುಟ್ಟ ಸುಂಕಗಳಿಗೆ ಕಿರುಕುಳ. ಆಗಿನ ಸುಂಕದ ಅಧಿಕಾರಿಗೂ ಒಂದು 'ಇತರೆ' ಖಾತೆ ಬೇಕಾಗಿತ್ತು ಎಂದಾಯಿತು. ಮರಾಠಿಯ ಕಿರಕೋಳ ಈ ಕಿರುಕುಳದಿಂದ ಹೋದದ್ದೆಂದು ಶಬ್ದಗಳ ಮೂಲ ಹುಡುಕುವವರು ಹೇಳುತ್ತಾರೆ. ಎಂದರೆ ಮಗಳು ಗಡಿಯಾಚೆ ಕೊಟ್ಟ ಮನೆಗೆ ಹೋಗಿ, ಅಲ್ಲಿಯ ಸೀರೆ ಉಟ್ಟು, ಪೇಶ್ವೆಯರ ದಫ್ತರದ ಹಿಂದೆ ತವರಿಗೆ ತಿರುಗಿ ಬಂದಳು. ತವರಿನವರಿಗೆ ಗುರುತು ಹತ್ತಲಿಲ್ಲ.

ಗುರುತು ಹತ್ತದಿರುವುದಕ್ಕೆ ಇನ್ನೊಂದು ಕಾರಣ, ತವರಿನಲ್ಲೇ ಉಳಿದ ಕಿರುಕುಳ ಅಷ್ಟರಲ್ಲಿ ಬೇರೆಯೇ ಆಗಿತ್ತು. ಈಗ ಕಿರುಕುಳ ಎಂದರೆ ಚಿಲ್ಲರೆ ಎಂದು ಯಾರಾದರೂ ಅನ್ನುತ್ತಾರೆಯೇ? ಪತ್ರಿಕೆ ಬಿಡಿಸಿದರೆ 'ವರದಕ್ಷಿಣೆ ಕಿರುಕುಳ', 'ಮಾನಸಿಕ ಕಿರುಕುಳ'. ಸಣ್ಣಪುಟ್ಟದ್ದು ಎಂಬ ಅರ್ಥ ಹೋಗಿ ಹಿಂಸೆ, ಕಾಟ ಎಂಬ ಅರ್ಥ ಬಂದು ಕೂತಿದೆ. ಹೇಗೆ ಬಂತು? ಪಂಡಿತರು ಏನನ್ನುತ್ತಾರೋ ಇರಲಿ, ನನಗೆ ಮಾತ್ರ ಅಜ್ಜನ ಪಡಸಾಲೆಯ ಒಂದು ಸಂಜೆ ನೆನಪಾಗುತ್ತದೆ.

ಅದು 1979. ನನಗೆ ಹನ್ನೊಂದು ವರ್ಷ. ನಮ್ಮ ಓಣಿಯ ಮಗಳೊಬ್ಬಳು ಗಂಡನ ಮನೆಯಿಂದ ತಿರುಗಿ ಬಂದಿದ್ದಳು. ನಾಲ್ಕು ಮಂದಿ ಹಿರಿಯರು ಕೂತಿದ್ದರು, ಅವರಲ್ಲಿ ಅಜ್ಜನೂ ಒಬ್ಬ. "ಏನ ತ್ರಾಸು ಹೇಳವಾ" ಎಂದರು. ಅವಳು ಬಾಗಿಲ ಮರೆಗೆ ನಿಂತು ಹೇಳಿದಳು. ರೊಟ್ಟಿ ಎಣಿಸಿ ಇಡುತ್ತಾರೆ. ಎಣ್ಣೆಯ ಡಬ್ಬಿಗೆ ಗೆರೆ ಹೊಡೆದಿರುತ್ತಾರೆ. ತವರಿನ ಪತ್ರ ಮೊದಲು ಅತ್ತೆಯ ಕೈಗೆ ಹೋಗಬೇಕು. ಜ್ವರ ಬಂದರೂ ನೀರಿಗೆ ಹೋಗಬೇಕು. ಎಲ್ಲರ ಎದುರಿಗೆ ಹೆಸರು ಹಿಡಿದು ಕರೆಯುವುದಿಲ್ಲ, "ಏ ಇದು" ಎನ್ನುತ್ತಾರೆ. ಹಿರಿಯರು ಕೇಳಿದರು: "ಹೊಡದಾರೇನು?" ಅವಳು ಇಲ್ಲ ಎಂದಳು. ಅಜ್ಜ ಹೇಳಿದ: "ಇವೆಲ್ಲಾ ಕಿರಕೋಳ ಮಾತು ತಂಗೀ. ಸಂಸಾರ ಅಂದಮ್ಯಾಲ ಇರಾವಽ."

ಅವಳು ತಿರುಗಿ ಹೋದಳು. ಎರಡು ವರ್ಷಕ್ಕೆ ಕೂಸನ್ನು ಬಗಲಲ್ಲಿಟ್ಟುಕೊಂಡು ಬಂದವಳು ಮತ್ತೆ ಹೋಗಲಿಲ್ಲ. ಹೊಲಿಗೆ ಮಾಡಿ ಮಗನನ್ನು ಓದಿಸಿದಳು.

1983ರಲ್ಲಿ ಕಾಯದೆಗೆ 498ಎ ಕಲಮು ಬಂತು. ಗಂಡ, ಗಂಡನ ಮನೆಯವರು ಮಾಡುವ ಕ್ರೌರ್ಯ ಅಪರಾಧವಾಯಿತು. ಮೈಮೇಲಿನ ಗಾಯವಷ್ಟೇ ಅಲ್ಲ, ಮನಸ್ಸಿಗೆ ಆಗುವ ಗಾಯವೂ ಅದರಲ್ಲಿ ಸೇರಿತು. 2024ರ ಜುಲೈದಿಂದ ಹೊಸ ನ್ಯಾಯ ಸಂಹಿತೆಯಲ್ಲಿ ಅದು 85ನೆಯ ಕಲಮಾಗಿದೆ. ಕನ್ನಡ ಪತ್ರಿಕೆಗಳು ಆ ಕ್ರೌರ್ಯಕ್ಕೆ ಬಳಸಿದ ಶಬ್ದ ಕಿರುಕುಳ. ಓಣಿಯ ಮಗಳು ಬಾಗಿಲ ಮರೆಯಿಂದ ಹೇಳಿದ್ದು ಕಿರುಕುಳ, ಪಡಸಾಲೆಯಲ್ಲಿ ಕೂತವರು ಕೇಳಿದ್ದು ಕಿರಕೋಳ. ಶಬ್ದ ಒಂದೇ. ಇಂಗ್ಲಿಷಿನ ಗಿಜ್ಮೊ, ಗ್ಯಾಜೆಟ್ಟುಗಳಿಗೆ ಇಂಥ ಸಂಸಾರ ಮಾಡುವ ಪ್ರಸಂಗ ಬರಲಿಲ್ಲ, ಅವು ಹುಡುಗರ ಜೇಬಿನಲ್ಲಿ ಆಡಿಕೊಂಡಿವೆ.

ನಮ್ಮೂರಲ್ಲಿ ಒಬ್ಬ ಹೆಂಗಸಿನ ಹೆಸರು ಸಾವಿರ ವರ್ಷ ಉಳಿದಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲ, ಕ್ರಿ.ಶ. 950. ಗಂಗರ ಬೂತುಗನ ರಾಣಿ ಪದ್ಮಬ್ಬರಸಿ ನರೇಗಲ್ಲಿನಲ್ಲಿ ಬಸದಿ ಕಟ್ಟಿಸಿದಳು. ಶಾಲೆಯಿಂದ ಬರುವಾಗ ನಾವು ಹುಡುಗಿಯರು ಆ ಗುಡಿಯ ನೆರಳಲ್ಲಿ ಕೂತು ಹುಣಸೆಹಣ್ಣು ತಿಂದದ್ದುಂಟು. ಅವಳ ಹೆಸರು ಆಗ ನಮಗೆ ಯಾರೂ ಹೇಳಿರಲಿಲ್ಲ. ಕಲ್ಲಿನಲ್ಲಿ ಬರೆಸಿದ ರಾಣಿಯ ಗತಿಯೇ ಹೀಗಾದರೆ ಮಿಕ್ಕವರ ಮಾತೇನು ಎಂದು ಈಗ ಅನ್ನಿಸುತ್ತದೆ. ಬಸದಿಯನ್ನು ಕಟ್ಟಿದವರ ಮನೆಯಲ್ಲಿ ರೊಟ್ಟಿ ಬಡಿದವರೂ ಇದ್ದಿರಬೇಕಲ್ಲ.

ಇನ್ನು ಆ 1984ರ ಬೇಸಿಗೆಯ ಮಾತು ಮುಗಿಸಬೇಕು. ನಾನು ಪಡಸಾಲೆಯಲ್ಲಿ ಬೋರಲು ಮಲಗಿ ವಹಿ ಓದುತ್ತಿದ್ದೆ. ಆಯಿ ಕಂಬಕ್ಕೊರಗಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅವಳಿಗೆ ಓದಲು ಬಾರದು. ತಮಾಷೆಗೆಂದು ಅಲ್ಲೊಂದು ಇಲ್ಲೊಂದು ಗಟ್ಟಿಯಾಗಿ ಓದುತ್ತಿದ್ದೆ. ರೂಪಾಯಿ-ಆಣೆ-ಪೈಗಳ ಲೆಕ್ಕ. ಹದಿನಾರು ಆಣೆಗೆ ರೂಪಾಯಿ. 1957ರಲ್ಲಿ ನಯೇ ಪೈಸೆ ಬಂದು ಆ ಲೆಕ್ಕ ಮುಗಿಯಿತು, ನಮಗೆ ಅದೂ ಒಂದು ತಮಾಷೆಯೇ.

"1951, ಶ್ರಾವಣ ಶುದ್ಧ ಅಷ್ಟಮಿ. ಕಿರಕೋಳ, ಮೂರು ರೂಪಾಯಿ ನಾಕಾಣೆ" ಎಂದು ಓದಿದೆ. ಕಿರ್ದಿಯಲ್ಲೂ ಅಷ್ಟೇ ಇತ್ತು. ಬಾಬತ್ತು ಬರೆದಿರಲಿಲ್ಲ. ಅಜ್ಜ ಕಿರ್ದಿಯಲ್ಲಿ ಬಾಬತ್ತು ಬಿಟ್ಟದ್ದು ನಾನು ಕಂಡದ್ದು ಅದೊಂದೇ ಕಡೆ.

ಮೊರದ ಸಪ್ಪಳ ನಿಂತಿತು.

"ಯಾವ ತಿಥಿ ಅಂದಿ?"

ಮತ್ತೆ ಓದಿದೆ.

"ಅದು ಹೋಗಿದ್ದು ಅವತ್ತು" ಎಂದಳು.

'ಅದು' ಯಾವುದೆಂದು ನನಗೆ ಗೊತ್ತಿತ್ತು. ನಮ್ಮವ್ವನ ಬೆನ್ನಿಗೆ ಒಂದು ಹೆಣ್ಣುಕೂಸು ಹುಟ್ಟಿ ಎಂಟು-ಒಂಬತ್ತು ದಿನಕ್ಕೆ ಹೋಗಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡಲು ನಾಲ್ಕು ದಿನ ಉಳಿದಿತ್ತಂತೆ. ಆದ್ದರಿಂದ ಮನೆಯಲ್ಲಿ ಅದರ ಮಾತು ಬಂದಾಗಲೆಲ್ಲ ಅದು ಬರಿಯ 'ಅದು'. "ಅದು ಇದ್ದಿದ್ರ ನಿನಗ ಚಿಗವ್ವ ಆಗ್ತಿತ್ತು" ಎಂದು ಅವ್ವ ಒಮ್ಮೊಮ್ಮೆ ಅನ್ನುತ್ತಿದ್ದಳು.

ಏನು ಹೇಳಬೇಕೋ ತಿಳಿಯದೆ ನಾನು ಹುಚ್ಚಿಯ ಹಾಗೆ ಕೇಳಿದೆ: "ಮೂರು ರೂಪಾಯಿ ನಾಕಾಣೆ ಎದಕ್ಕ ಆತು ಆಯಿ?"

ಆಯಿ ಮೊರ ಕೆಳಗಿಟ್ಟಳು. ಬೆರಳು ಮಡಚುತ್ತ ಹೇಳಿದಳು. "ಬಿಳೇ ಅರಿವಿ ಒಂದೂವರಿ ಗಜ, ಹದಿನಾಕಾಣೆ. ಎರಡು ಕಾಯಿ, ಆರಾಣೆ. ಹೂವು ಎರಡಾಣೆ. ಊದಿನಕಡ್ಡಿ, ಕರ್ಪೂರ ಕೂಡಿ ನಾಕಾಣೆ. ಕುಣಿ ತೋಡಿದಾವಗ ಒಂದು ರೂಪಾಯಿ. ಅಯ್ಯನವರಿಗೆ ದಕ್ಷಿಣಿ ಎಂಟಾಣೆ. ವಿಭೂತಿ ಮನ್ಯಾಗಽ ಇತ್ತು."

"ನಿನಗ ಹ್ಯಾಂಗ ನೆನಪೈತಿ?"

"ನಾ ಒಳಗ ಬಾಣಂತಿ ಕ್ವಾಣ್ಯಾಗ ಮಲಗಿದ್ದೆ. ಇವರು ಇಲ್ಲೇ ಪಡಸಾಲ್ಯಾಗ ಕುಂತು ಲೆಕ್ಕ ಹಾಕಿದ್ದು ಎಲ್ಲಾ ಕೇಳಸ್ತಿತ್ತು."

ನಾನು ಪೆನ್ಸಿಲು ತೆಗೆದುಕೊಂಡು ಕೂಡಿಸಿದೆ. ಎರಡು ಸಲ ಕೂಡಿಸಿದೆ. ಮೂರು ರೂಪಾಯಿ ಎರಡಾಣೆ ಬಂತು.

"ಎರಡಾಣೆ ಕಡಿಮಿ ಬೀಳ್ತದ ಆಯಿ."

ಆಯಿ ಬಹಳ ಹೊತ್ತು ಸುಮ್ಮನಿದ್ದಳು. ಮೊರ ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು, ಆದರೆ ಬೇಳೆ ಮುಟ್ಟಲಿಲ್ಲ.

"ಅವತ್ತ ಸಂಜಿಮುಂದ ನಿಮ್ಮವ್ವ ಕೈತುಂಬ ಬೆಂಡು-ಬೆತ್ತಾಸ ಹಿಡಕೊಂಡು ಒಳಗ ಬಂದಿದ್ಲು. ಮೂರು ವರ್ಷದ ಕೂಸು. ಮುಂಜಾಲಿಂದ ಅಕ್ಕೋತಽ ಇತ್ತು, ಯಾರೂ ಎತ್ತಿಕೊಂಡಿರಲಿಲ್ಲ" ಎಂದಳು. "ಯಾರು ಕೊಡಿಸಿದ್ರಂತ ನಾ ಕೇಳಿರಲಿಲ್ಲ ನೋಡು."